ಬ್ಯಾಚ್‌ಮೇಟ್‌ಗಳ ಸುದ್ದಿ ಒಟ್ಟು ಮಾಡಿ ವರ್ಷಕ್ಕೊಂದು ಪತ್ರ ತರುದು ಹೇಗೆ

ಕಾಲೇಜ್ ಬಿಟ್ಟು ಇಪ್ಪತ್ತು ಇಪ್ಪತ್ತೈದು ವರ್ಷ ಆದ ಬ್ಯಾಚಿಗೆಲ್ಲ ಈಗ ಒಂದು ವಾಟ್ಸಾಪ್ ಗ್ರೂಪ್ ಉಂಟು, ನಮ್ಮ ಮಂಗಳೂರು ಉಡುಪಿ ಕಡೆಯ ಬ್ಯಾಚ್ ಆದ್ರೆ ಎರಡು ಮೂರು ಉಂಟು. ಆದ್ರೆ ಅದರಲ್ಲಿ ಸುದ್ದಿ ಇಲ್ಲ. ಗುಡ್ ಮಾರ್ನಿಂಗ್ ಉಂಟು, ಬರ್ತ್‌ಡೇ ಕೇಕ್ ಉಂಟು, ಫಾರ್ವರ್ಡ್ ಉಂಟು, ಮಾತಾಡುವವರು ಯಾವಾಗಲೂ ಅದೇ ಹತ್ತು ಹನ್ನೆರಡು ಜನ, ಉಳಿದವರು ನೋಡಿ ಸುಮ್ಮನಾಗ್ತಾರೆ. ಯಾರ ಅಪ್ಪ ತೀರಿಹೋದ್ರು, ಯಾರು ಗಲ್ಫ್ ಬಿಟ್ಟು ಊರಿಗೆ ಬಂದ್ರು, ಯಾರ ಮಗಳು ಮಣಿಪಾಲದಲ್ಲಿ ಸೇರಿದ್ಲು ಅಂತೆಲ್ಲ ಗೊತ್ತಾಗುದು ಆರು ತಿಂಗಳು ಕಳೆದ ಮೇಲೆ, ಯಾವುದೋ ಮದುವೆ ಹಾಲ್‌ನಲ್ಲಿ ಊಟಕ್ಕೆ ನಿಂತಾಗ.

ನಮ್ಮ ಬಿಕಾಂ ಬ್ಯಾಚಿನಲ್ಲಿ ಇದಕ್ಕೆ ಅಂತಲೇ ವರ್ಷಕ್ಕೊಂದು ಪತ್ರ ಮಾಡ್ತೇವೆ. ಒಂದು ಪಿಡಿಎಫ್ ಅಷ್ಟೇ, ಕ್ಲಾಸಿನ ಒಬ್ಬೊಬ್ಬರ ಬಗ್ಗೆ ಏಳೆಂಟು ಸಾಲು, ಕೆಲಸದ್ದು ಎಂತ ವಿಷಯ, ಮನೇಲಿ ಎಂತ ವಿಷಯ, ಎಲ್ಲಿಗೆಲ್ಲ ಹೋಗಿ ಬಂದ್ರು. ಬೇರೆ ಬ್ಯಾಚಿನವರು ಇದನ್ನು ನೋಡಿ ಹೇಗೆ ಮಾಡುದು ಅಂತ ಕೇಳ್ತಾ ಇರ್ತಾರೆ, ಹಾಗಾಗಿ ಗೊತ್ತಿರುದನ್ನೆಲ್ಲ ಒಂದೇ ಕಡೆ ಬರೀತಿದ್ದೇನೆ. ಎಲ್ಲಕ್ಕಿಂತ ಮುಖ್ಯವಾದ್ದನ್ನು ಮೊದಲೇ ಹೇಳಿಬಿಡ್ತೇನೆ. "ಎಲ್ಲರೂ ನಿಮ್ಮ ನಿಮ್ಮ ಅಪ್‌ಡೇಟ್ ಹಾಕಿ" ಅಂತ ಗ್ರೂಪಲ್ಲಿ ಮೆಸೇಜ್ ಹಾಕಿದ್ರೆ ಯಾರೂ ಹಾಕುದಿಲ್ಲ, ಹಾಕಿದ್ರೂ ಪ್ರಮೋಷನ್ ಸಿಕ್ಕಿದವ, ಕಾರು ತಗೊಂಡವ, ಯುರೋಪಿಗೆ ಹೋಗಿ ಬಂದವ ಇಷ್ಟೇ ಜನ ಹಾಕ್ತಾರೆ, ಅದನ್ನು ನೋಡಿ ಉಳಿದವರು ಇನ್ನಷ್ಟು ಸುಮ್ಮನಾಗ್ತಾರೆ. ಒಬ್ಬೊಬ್ಬರಿಗೇ ಫೋನ್ ಮಾಡ್ಬೇಕು. ನನ್ನ ಹತ್ತಿರ ಹೇಳುವಂಥದ್ದು ಎಂತದೂ ಇಲ್ಲ ಅಂತ ಹೇಳ್ತಾರಲ್ಲ, ಅವರಿಗೆ ಮೊದಲು ಮಾಡ್ಬೇಕು. ಪತ್ರ ಇರುದೇ ಅವರಿಗಾಗಿ.

ಮೊದಲು ಲಿಸ್ಟ್

ಗ್ರೂಪಿನ ಮೆಂಬರ್ ಲಿಸ್ಟನ್ನೇ ಬ್ಯಾಚಿನ ಲಿಸ್ಟ್ ಅಂತ ತಗೊಳ್ಬೇಡಿ. ಗ್ರೂಪಲ್ಲಿ ಇಲ್ಲದವರು, ಬಿಟ್ಟು ಹೋದವರು, ಸ್ಮಾರ್ಟ್‌ಫೋನೇ ಇಟ್ಟುಕೊಳ್ಳದವರು ಎಲ್ಲ ಸೇರಿದ್ರೆ ಬ್ಯಾಚ್. ಫೈನಲ್ ಇಯರ್ ಗ್ರೂಪ್ ಫೋಟೋ ತೆಗೀರಿ, ಸಾಲು ಸಾಲಾಗಿ ಹೆಸರು ಬರೀರಿ, ಹಾಜರಿ ಕರೆಯುವ ಆರ್ಡರ್ ಯಾರಿಗಾದ್ರೂ ಬಾಯಿಪಾಠ ಇರ್ತದೆ, ನಿಜವಾಗಿಯೂ ಇರ್ತದೆ, ಅವರನ್ನು ಕೂರಿಸಿ ಹೇಳಿಸಿ. ಅದನ್ನು ಗೂಗಲ್ ಶೀಟ್‌ನಲ್ಲಿ ಹಾಕಿ, ಹೆಸರು, ಆಗಿನ ಊರು, ಈಗಿನ ಊರು, ನಂಬರ್, ಯಾರ ಮೂಲಕ ಸಿಕ್ಕಿದ್ದು, ಕೊನೆಗೆ ಮಾತಾಡಿದ ತಿಂಗಳು. ಆಗಿನ ಊರು ಬೇಕೇ ಬೇಕು, ಯಾಕಂದ್ರೆ ಒಂದೇ ಕ್ಲಾಸಲ್ಲಿ ಒಂದೇ ಹೆಸರಿನ ಶೆಟ್ಟರು, ಡಿಸೋಜರು, ಪೂಜಾರಿಗಳು ಎರಡೆರಡು ಜನ ಇರ್ತಾರೆ, ನಾವು ಈಗಲೂ ಸುರತ್ಕಲ್‌ನವ, ಮೂಡಬಿದ್ರೆಯವ ಅಂತಲೇ ಅವರನ್ನು ಗುರುತಿಸುದು.

ನಮ್ಮ ಪ್ರಾಯದವರಿಗೆ ಒಂದು ವಿಷಯ ಗಮನ ಇರಲಿ. ನಾವು 1995ರಲ್ಲಿ ಸೇರುವಾಗ ಒಂದೇ ಜಿಲ್ಲೆ, ಉಡುಪಿ ಜಿಲ್ಲೆ ಬೇರೆ ಆದದ್ದು 1997ರ ಆಗಸ್ಟಲ್ಲಿ. ಹಾಗಾಗಿ ಹಳೇ ಅಡ್ರೆಸ್‌ನಲ್ಲಿ ಕುಂದಾಪುರ, ಕಾರ್ಕಳದವರದ್ದೂ ದಕ್ಷಿಣ ಕನ್ನಡ ಅಂತ ಇರ್ತದೆ. ಆಟೋಗ್ರಾಫ್ ಪುಸ್ತಕ ಇದ್ರೆ ಅದು ಚಿನ್ನ. ಅದರಲ್ಲಿ ಇರುವ ಮಂಗಳೂರಿನ 6 ಅಂಕಿಯ ಲ್ಯಾಂಡ್‌ಲೈನ್ ನಂಬರಿನ ಶುರುವಿಗೆ ಒಂದು 2 ಸೇರಿಸಿ, ಅದಕ್ಕೂ ಮೊದಲು 0824 ಹಾಕಿ ಟ್ರೈ ಮಾಡಿ. ಹೆಚ್ಚಿನವು ಕಟ್ ಆಗಿರ್ತವೆ, ಆದ್ರೆ ಹಳ್ಳಿ ಬದಿಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುವ ಕೆಲವು ಮನೆಗಳಲ್ಲಿ ಇನ್ನೂ ಇಟ್ಟುಕೊಂಡಿದ್ದಾರೆ, ಅಮ್ಮ ಫೋನ್ ಎತ್ತಿದ್ರೆ ಮಗನ ನಂಬರ್ ಮಾತ್ರ ಅಲ್ಲ ಮನೆಯ ಪೂರ್ತಿ ಸಮಾಚಾರ ಸಿಗ್ತದೆ.

ಹುಡುಗಿಯರನ್ನು ಹುಡುಕುದು ಕಷ್ಟ, ಮದುವೆ ಆದ ಮೇಲೆ ಸರ್‌ನೇಮ್ ಬದಲಾಗಿರ್ತದೆ, ಫೇಸ್‌ಬುಕ್‌ನಲ್ಲಿ ಫೋಟೋ ಜಾಗದಲ್ಲಿ ಮಗುವಿನದ್ದೋ ಹೂವಿನದ್ದೋ ಫೋಟೋ ಇರ್ತದೆ. ಅವರ ತವರುಮನೆ ಊರಿಂದ ಶುರು ಮಾಡಿ. ಮನೆ ಹೆಸರು ಗೊತ್ತಿದ್ರೆ ಊರಿನ ಅಂಗಡಿಯವರು, ಇಗರ್ಜಿಯ ವಾಳೆಯ (ವಾರ್ಡಿನ) ಮುಖ್ಯಸ್ಥರಾದ ಗುರ್ಕಾರರು, ಭಜನಾ ಮಂಡಳಿಯವರು ಯಾರಾದ್ರೂ ಹೇಳ್ತಾರೆ. ಆದ್ರೆ ನಂಬರ್ ಸಿಕ್ಕಿದ ಕೂಡಲೇ ಗ್ರೂಪಿಗೆ ಸೇರಿಸ್ಬೇಡಿ. ಕ್ಲಾಸಿನ ಹುಡುಗಿಯೇ ಯಾರಾದ್ರೂ ಮೊದಲು ಮಾತಾಡ್ಲಿ, ಕೇಳ್ಲಿ, ಅವರು ಹೂಂ ಅಂದ ಮೇಲೆ ಮಾತ್ರ ಸೇರಿಸುದು. ಬೇಡ ಅಂದ್ರೆ ಪತ್ರ ಬೇಕಾ ಅಂತ ಕೇಳಿ, ಗ್ರೂಪ್ ಬೇಡ ಪತ್ರ ಬೇಕು ಅನ್ನುವವರು ತುಂಬಾ ಜನ ಉಂಟು.

ಯಾವಾಗ ಕೇಳುದು

ಆಟಿ ತಿಂಗಳು, ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ವರೆಗಿನ ತುಳು ತಿಂಗಳು, ಬೆಸ್ಟ್. ಮೇ ಕೊನೆಗೆ ಬರುವ ಪತ್ತನಾಜೆ ಆದ ಮೇಲೆ ಮೇಳದ ಯಕ್ಷಗಾನ ಆಟ ಇಲ್ಲ, ದೈವಗಳ ನೇಮ ಕೋಲ ಇಲ್ಲ, ಆಟಿಯಲ್ಲಿ ಮದುವೆ ಗೃಹಪ್ರವೇಶನೂ ಇಲ್ಲ, ಹೊರಗೆ ಮಳೆ, ಜನ ಸಂಜೆ ಮನೇಲಿ ಇರ್ತಾರೆ. ಅದೇ ಎಪ್ರಿಲ್ ಮೇಯಲ್ಲಿ ಫೋನ್ ಮಾಡಿದ್ರೆ ಒಂದೊಂದು ಭಾನುವಾರ ಮೂರು ಮೂರು ಕಾರ್ಯಕ್ರಮ, ಹಲೋ ಹೇಳ್ಲಿಕ್ಕೂ ಪುರುಸೊತ್ತಿಲ್ಲ. ಜುಲೈ ಆಗಸ್ಟಲ್ಲಿ ಇನ್ನೊಂದು ಲಾಭ ಉಂಟು, ಗಲ್ಫ್‌ನ ಶಾಲೆಗಳಿಗೆ ಬೇಸಿಗೆ ರಜೆ ಆಗಲೇ, ಫ್ಯಾಮಿಲಿ ಊರಲ್ಲಿ ಇರ್ತದೆ, ಫೋನಲ್ಲಿ ಹೇಳದ್ದನ್ನು ಮನೆಗೆ ಹೋದ್ರೆ ಹೇಳ್ತಾರೆ. ಮೀನು ಮಾತ್ರ ಸಿಗುದು ಕಮ್ಮಿ, ಜೂನ್ 1ರಿಂದ ಜುಲೈ 31ರ ವರೆಗೆ ಟ್ರಾಲ್ ಬೋಟ್ ಕಡಲಿಗೆ ಇಳಿಯುದಿಲ್ಲ, ಊಟಕ್ಕೆ ಅಂತ ಹೋಗುದಾದ್ರೆ ಪತ್ರೊಡೆ ಮಾಡ್ಲಿಕ್ಕೆ ಹೇಳಿ.

ಫಾರಿನ್‌ನಲ್ಲಿ ಇರುವವರಿಗೆ ಟೈಮ್ ನೋಡಿ ಮಾಡ್ಬೇಕು. ನಮ್ಮ ಸಂಜೆ 7.30 ಅಂದ್ರೆ ದುಬೈಯಲ್ಲಿ 6, ಕುವೈತ್ ರಿಯಾದ್‌ನಲ್ಲಿ 5, ಲಂಡನ್‌ನಲ್ಲಿ ಬೇಸಿಗೆಯಾದ್ರೆ ಮಧ್ಯಾಹ್ನ 3, ನ್ಯೂಯಾರ್ಕ್‌ನಲ್ಲಿ ಬೇಸಿಗೆಯಲ್ಲಿ ಬೆಳಿಗ್ಗೆ 10, ಕ್ಯಾಲಿಫೋರ್ನಿಯಾದಲ್ಲಿ 7, ಚಳಿಗಾಲದಲ್ಲಿ ಈ ಮೂರೂ ಒಂದೊಂದು ಗಂಟೆ ಹಿಂದೆ. ಸಿಡ್ನಿ ಮೆಲ್ಬರ್ನ್‌ನಲ್ಲಿ ಮಾತ್ರ ಆಗ ಮಧ್ಯರಾತ್ರಿ, ಅವರಿಗೆ ಶನಿವಾರ ನಮ್ಮ ಮಧ್ಯಾಹ್ನ 2ಕ್ಕೆ ಮಾಡಿದ್ರೆ ಅಲ್ಲಿ ಸಂಜೆ. ಮತ್ತೆ ಭಾನುವಾರ ಎಲ್ಲರಿಗೂ ರಜೆ ಅಂತ ತಿಳ್ಕೊಳ್ಬೇಡಿ. ಯುಎಇಯಲ್ಲಿ 2022ರಿಂದ ಶನಿವಾರ ಭಾನುವಾರ ರಜೆ, ಕುವೈತ್ ಸೌದಿ ಕತಾರ್‌ನಲ್ಲಿ ಇವತ್ತಿಗೂ ಶುಕ್ರವಾರ ಶನಿವಾರವೇ, ಅಲ್ಲಿದ್ದವನಿಗೆ ಭಾನುವಾರ ಅಂದ್ರೆ ವಾರದ ಮೊದಲ ಡ್ಯೂಟಿ.

ಎಂತ ಕೇಳುದು, ಹೇಗೆ ಕೇಳುದು

ಇಡೀ ಕೆಲಸ ನಿಂತಿರುದು ಇದರ ಮೇಲೆ. "ಈಗ ಎಂತ ಮಾಡ್ಕೊಂಡಿದ್ದಿ?" ಅಂತ ಶುರು ಮಾಡ್ಬೇಡಿ. ನಲವತ್ತೈದು ಐವತ್ತರ ಪ್ರಾಯದಲ್ಲಿ ಆ ಪ್ರಶ್ನೆ ತುಂಬಾ ಜನರಿಗೆ ಚುಚ್ಚುತ್ತದೆ, ಕೆಲಸ ಹೋದವ ಇರ್ತಾನೆ, ಬಿಸಿನೆಸ್ ಮುಚ್ಚಿದವ ಇರ್ತಾನೆ, ಮಕ್ಕಳಿಗೋಸ್ಕರ ಕೆಲಸ ಬಿಟ್ಟವಳು ಇರ್ತಾಳೆ. "ಮಕ್ಕಳೆಷ್ಟು?" ಅದೂ ಬೇಡ. ಮಕ್ಕಳಿಲ್ಲದವರು, ಮದುವೆ ಆಗದವರು, ಮಗುವನ್ನು ಕಳ್ಕೊಂಡವರು ಪ್ರತಿ ಬ್ಯಾಚಿನಲ್ಲೂ ಇದ್ದಾರೆ, ಅವರು ಆ ಪ್ರಶ್ನೆಯನ್ನು ವರ್ಷಕ್ಕೆ ನೂರು ಸಲ ಕೇಳಿರ್ತಾರೆ.

ಒಂದು ದಿನದ ಬಗ್ಗೆ ಕೇಳಿ. "ನಿನ್ನ ಒಂದು ಮಾಮೂಲಿ ಮಂಗಳವಾರ ಹೇಗಿರ್ತದೆ ಹೇಳು ಮಾರಾಯ, ಎಷ್ಟು ಗಂಟೆಗೆ ಏಳ್ತಿ, ಎಲ್ಲಿಗೆ ಹೋಗ್ತಿ, ರಾತ್ರಿ ಊಟಕ್ಕೆ ಮನೇಲಿ ಯಾರೆಲ್ಲ ಇರ್ತಾರೆ?" ಇಷ್ಟು ಕೇಳಿದ್ರೆ ಸಾಕು, ಕೆಲಸ, ಮನೆ, ಅಪ್ಪ ಅಮ್ಮ, ಆರೋಗ್ಯ ಎಲ್ಲ ಅದರೊಳಗೇ ಬರ್ತದೆ, ಹೇಳ್ಲಿಕ್ಕೆ ಇಷ್ಟ ಇಲ್ಲದ್ದನ್ನು ಅವರು ಬಿಟ್ಟು ಹೇಳ್ಬಹುದು, ಬಿಟ್ಟದ್ದು ನಿಮಗೆ ಗೊತ್ತಾದ್ರೂ ಅದನ್ನು ಹಿಡ್ಕೊಂಡು ಹಿಂದೆ ಹೋಗುದು ಬೇಡ. ತುಳುವಿನವರ ಹತ್ರ "ಎಂಚ ಉಲ್ಲ ಮಾರಾಯ" (ಹೇಗಿದ್ದಿ ಮಾರಾಯ) ಅಂತಲೇ ಶುರು ಮಾಡಿ, ಕೊಂಕಣಿಯವರ ಹತ್ರ ನಿಮಗೆ ಬರುವಷ್ಟು ಕೊಂಕಣಿ, ಮನೆ ಭಾಷೆಯಲ್ಲಿ ಮಾತು ಬೇರೆಯೇ ರೀತಿ ಬಿಚ್ಚಿಕೊಳ್ತದೆ. ಕಾಲೇಜಲ್ಲಿ ಮೂರು ವರ್ಷ ಒಂದೂ ಮಾತಾಡದ ಹುಡುಗ ಹುಡುಗಿಯರು ಈಗ ಮಾತಾಡುವಾಗ ನೀವು ತಾವು ಅಂತಾರೆ, ಹಾಗೇ ಇರ್ಲಿ, ಒತ್ತಾಯದ ಸಲುಗೆ ಬೇಡ.

ಕೆಲಸದ ಸುದ್ದಿಯಲ್ಲಿ ಪ್ರಮೋಷನ್ ಮಾತ್ರ ಸುದ್ದಿ ಅಂತ ಲೆಕ್ಕ ಹಾಕ್ಬೇಡಿ. ನಮ್ಮ ಕಡೆಯ ಬಿಕಾಂ ಬ್ಯಾಚ್ ಅಂದ್ರೆ ಬ್ಯಾಂಕಿನವರು ಇರ್ಲೇಬೇಕಲ್ಲ. ವಿಜಯಾ ಬ್ಯಾಂಕಿಗೆ ಸೇರಿದವ 2019ರ ಎಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾದವ ಆದ, ಕಾರ್ಪೊರೇಷನ್ ಬ್ಯಾಂಕಿನವಳು 2020ರ ಎಪ್ರಿಲ್ 1ಕ್ಕೆ ಯೂನಿಯನ್ ಬ್ಯಾಂಕಿನವಳಾದ್ಲು, ಅದೇ ದಿನ ಸಿಂಡಿಕೇಟ್ ಬ್ಯಾಂಕಿನವರು ಕೆನರಾ ಬ್ಯಾಂಕಿಗೆ ಸೇರಿದ್ರು. ಕೂತ ಕುರ್ಚಿ ಬದಲಾಗದೆ ಬೋರ್ಡ್ ಬದಲಾಯ್ತು, ಸೀನಿಯಾರಿಟಿ ಲಿಸ್ಟ್ ಬದಲಾಯ್ತು, ಹೊಸ ಸಾಫ್ಟ್‌ವೇರ್ ಕಲೀಬೇಕಾಯ್ತು, ಕೆಲವರು ಬ್ರಾಂಚ್ ಮುಚ್ಚಿ ಪಕ್ಕದ ಬ್ರಾಂಚಿಗೆ ಹೋದ್ರು. ಅದರ ಬಗ್ಗೆ ಕೇಳಿ ನೋಡಿ, ಅರ್ಧ ಗಂಟೆ ಮಾತಾಡ್ತಾರೆ, ಇದುವರೆಗೆ ಯಾರೂ ಕೇಳಿರುದಿಲ್ಲ. ಬ್ಯಾಂಕಲ್ಲಿ ಸ್ಕೇಲ್ (ಆಫೀಸರ್ ದರ್ಜೆ) ಏರಿದ್ರೆ ಉತ್ತರ ಭಾರತಕ್ಕೆ ಟ್ರಾನ್ಸ್‌ಫರ್ ಆಗ್ತದೆ ಅಂತ ಪ್ರಮೋಷನ್ನೇ ಬೇಡ ಅಂತ ಕೂತವರು ಎಷ್ಟು ಜನ, ಅಮ್ಮನಿಗೆ ವಾರಕ್ಕೆ ಮೂರು ಡಯಾಲಿಸಿಸ್, ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ. ನನ್ನ ಮಟ್ಟಿಗೆ ಅದು ಪ್ರಮೋಷನ್‌ಗಿಂತ ದೊಡ್ಡ ಸುದ್ದಿ. ಪತ್ರದಲ್ಲಿ ಅದಕ್ಕೆ ಮರ್ಯಾದೆಯ ಜಾಗ ಸಿಗ್ಬೇಕು.

ಮುಂಬೈಯವರದ್ದು ಬೇರೆ ಕಥೆ. ಕೊಂಕಣ ರೈಲ್ವೆ ಪೂರ್ತಿ ಓಡ್ಲಿಕ್ಕೆ ಶುರುವಾದದ್ದು 1998ರ ಜನವರಿಯಲ್ಲಿ, ನಮ್ಮ ಫೈನಲ್ ಇಯರ್. ನಮ್ಮ ಸೀನಿಯರ್‌ಗಳೆಲ್ಲ ಬಸ್ಸಲ್ಲಿ ಹೋದ್ರೆ ನಮ್ಮ ಕ್ಲಾಸಿನವರು ಮತ್ಸ್ಯಗಂಧ ರೈಲಲ್ಲಿ ಹೋದ್ರು, ಹೋಟೆಲ್, ಬ್ಯಾಂಕ್, ಸಿಎ ಆಫೀಸು ಅಂತ ಸೇರಿಕೊಂಡ್ರು. ಈಗ ಹೋಟೆಲ್ ಇಟ್ಟವರ ಮಕ್ಕಳು ಗಲ್ಲೆಯಲ್ಲಿ (ಕ್ಯಾಶ್ ಕೌಂಟರಲ್ಲಿ) ಕೂರ್ಲಿಕ್ಕೆ ತಯಾರಿಲ್ಲ, ಊರಿಗೆ ಬರುದಾ ಅಲ್ಲೇ ಇರುದಾ ಅಂತ ಗಂಡ ಹೆಂಡತಿ ದಿನಾ ಮಾತಾಡ್ತಿರ್ತಾರೆ. ಗಲ್ಫಿನವರದ್ದೂ ಹಾಗೇ, ಎಷ್ಟು ವರ್ಷ ಇದ್ರೂ ಒಂದು ದಿನ ವಾಪಸ್ ಬರ್ಲೇಬೇಕು, ಮಗ ಪಿಯುಸಿಗೆ ಬಂದ ಅಂತ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ತಾನು ಬ್ಯಾಚುಲರ್ ರೂಮಿಗೆ ಶಿಫ್ಟ್ ಆದವರು ಇದ್ದಾರೆ, ಐವತ್ತರ ಹತ್ತಿರ. ಇಂಥವರ ಹತ್ರ "ವಾಪಸ್ ಬಂದ್ರೆ ಎಂತ ಮಾಡುವ ಯೋಚನೆ" ಅಂತ ಕೇಳಿ, ಆ ಉತ್ತರವನ್ನು ಅವರು ಒಪ್ಪಿದ್ರೆ ಹಾಕಿ, ಯಾಕಂದ್ರೆ ಊರಲ್ಲಿ ಇರುವ ಕ್ಲಾಸ್‌ಮೇಟ್ ಒಬ್ಬ ಅದನ್ನು ಓದಿ ಅಂಗಡಿ ಜಾಗ ಉಂಟು, ಅಕೌಂಟ್ಸ್ ನೋಡ್ಲಿಕ್ಕೆ ಜನ ಬೇಕು ಅಂತ ಫೋನ್ ಮಾಡುವ ಚಾನ್ಸ್ ಉಂಟು.

"ನಾನು ಮನೇಲಿ ಸುಮ್ನೆ ಇದ್ದೇನೆ" ಅಂತ ಹೇಳುವ ಗೆಳತಿಯರ ಹತ್ರ ಫೋನ್ ಇಡ್ಬೇಡಿ. ದಿನದ ಬಗ್ಗೆ ಕೇಳಿ. ಬೆಳಿಗ್ಗೆ 5ಕ್ಕೆ ಎದ್ದು ಅತ್ತೆಗೆ ಇನ್ಸುಲಿನ್ ಕೊಟ್ಟು, ಮಗಳನ್ನು ಬಸ್ ಸ್ಟಾಪಿಗೆ ಬಿಟ್ಟು, ಮಲ್ಲಿಗೆ ಕೊಯ್ದು ಚೆಂಡು ಕಟ್ಟಿ ಹೂವು ಮಾರುವ ಕಟ್ಟೆಗೆ ಕಳಿಸಿ, ಸಂಜೆ ಹತ್ತು ಮಕ್ಕಳಿಗೆ ಟ್ಯೂಷನ್, ಸ್ವಸಹಾಯ ಸಂಘದ ಲೆಕ್ಕ ಬರೆಯುದು. ಅಕೌಂಟೆನ್ಸಿಯಲ್ಲಿ ಕ್ಲಾಸಿಗೆ ಫಸ್ಟ್ ಬಂದವಳು ಈಗ ಸಂಘದ ಲೆಕ್ಕ ಬರೀತಾಳೆ, ಅದನ್ನು ಬರೆಯುದಕ್ಕೆ ಅವಳಿಗೆ ಏಳೆಂಟು ಸಾಲು ಕೊಡ್ಬೇಕೋ ಬೇಡ್ವೋ? ವೈಸ್ ಪ್ರೆಸಿಡೆಂಟ್ ಆದವನಿಗೆ ಎಷ್ಟು ಸಾಲೋ ಅವಳಿಗೂ ಅಷ್ಟೇ ಸಾಲು. ಈ ರೂಲನ್ನು ಯಾರು ಎಷ್ಟು ಹೇಳಿದ್ರೂ ಸಡಿಲ ಮಾಡ್ಬೇಡಿ.

ಮಕ್ಕಳ ವಿಷಯದಲ್ಲಿ ಮಾರ್ಕ್ಸ್, ಸಿಇಟಿ ನೀಟ್ ರ‍್ಯಾಂಕ್, ಪ್ಯಾಕೇಜ್ ಈ ಮೂರು ಪತ್ರಕ್ಕೆ ಬೇಡ. ಯಾವ ಊರಲ್ಲಿ ಎಂತ ಕಲೀತಿದ್ದಾರೆ ಅಂತ ಇದ್ರೆ ಸಾಕು, ಅದರಿಂದ ಉಪಯೋಗ ಉಂಟು. ಒಬ್ಬರ ಮಗ ಬೆಂಗಳೂರಲ್ಲಿ ಸೇರಿದ, ಅಲ್ಲೇ ಇನ್ನೊಬ್ಬರ ಮನೆ ಉಂಟು ಅಂತ ಪತ್ರದಿಂದ ಗೊತ್ತಾದ್ರೆ ಹಬ್ಬಕ್ಕೆ ಆ ಹುಡುಗನಿಗೊಂದು ಮನೆ ಊಟ ಸಿಗ್ತದೆ.

ಪ್ರವಾಸದ ಸುದ್ದಿ ಕೇಳುವಾಗ ನೋಡಿದ ಜಾಗದ ಲಿಸ್ಟ್ ಬರ್ತದೆ, ಅದು ಯಾರೂ ಓದುದಿಲ್ಲ. ಬೇರೆಯವರಿಗೆ ಕೆಲಸಕ್ಕೆ ಬರುದನ್ನು ಕೇಳಿ. ಅಪ್ಪ ಅಮ್ಮನನ್ನು ಕಾಶಿಗೆ ಕರ್ಕೊಂಡು ಹೋದವರ ಹತ್ರ ಘಾಟಿನ ಮೆಟ್ಟಿಲು ಹೇಗೆ ಇಳಿಸಿದ್ರಿ, ಫ್ಲೈಟಿಗೆ ವೀಲ್‌ಚೇರ್ ಟಿಕೆಟ್ ಮಾಡುವಾಗಲೇ ಹೇಳಿದ್ರಾ, ಊಟ ಎಲ್ಲಿ ಮಾಡಿದ್ರಿ. ಉಮ್ರಾಕ್ಕೆ ಹೋದವರು, ಹೋಲಿ ಲ್ಯಾಂಡ್‌ಗೆ ಹೋದವರು, ವಿಯೆಟ್ನಾಂ ಬಾಲಿ ಅಂತ ಪ್ಯಾಕೇಜಿನಲ್ಲಿ ಹೋದವರು, ಎಲ್ಲರ ಹತ್ರ ಒಂದೊಂದು ಗೊತ್ತಿರಬೇಕಾದ ವಿಷಯ ಇರ್ತದೆ. ತುಂಬಾ ದೇಶದವರು ಪಾಸ್‌ಪೋರ್ಟಿಗೆ ಇನ್ನೂ 6 ತಿಂಗಳ ವ್ಯಾಲಿಡಿಟಿ ಉಳಿದಿರ್ಬೇಕು ಅಂತಾರೆ, ಹತ್ತು ವರ್ಷದ ಪಾಸ್‌ಪೋರ್ಟ್ ಒಂಬತ್ತೂವರೆ ವರ್ಷಕ್ಕೇ ರಿನ್ಯೂ ಮಾಡಿಸಿ ಅಂತ ಒಂದು ಸಾಲು ಹಾಕಿದ್ರೆ ಯಾರದ್ದೋ ಟಿಕೆಟ್ ದುಡ್ಡು ಉಳೀತದೆ. ಎಲ್ಲಿಗೂ ಹೋಗದವರೂ ಇರ್ತಾರೆ. ಅವರಿಗೆ "ಹೋಗ್ಬೇಕು ಅಂತ ಆಸೆ ಇರುದು ಎಲ್ಲಿಗೆ" ಅಂತ ಕೇಳಿ, ಅದೂ ಪ್ರವಾಸದ ಸುದ್ದಿಯೇ, ಮತ್ತೆ ಹಾಗೆ ಎರಡು ಮೂರು ಜನ ಆಗುಂಬೆ ಸೂರ್ಯಾಸ್ತಮಾನ ಅಂತ ಹೇಳಿದ್ರೆ ಒಂದು ಟೆಂಪೋ ಟ್ರಾವೆಲರ್ ಮಾಡ್ಬಹುದು.

ಫೋನಲ್ಲಿ ಹೇಳ್ಲಿಕ್ಕೆ ನಾಚಿಕೆ ಆಗುವವರಿಗೆ ವಾಯ್ಸ್ ಮೆಸೇಜ್ ಹಾಕ್ಲಿಕ್ಕೆ ಹೇಳಿ. ಟೈಪ್ ಮಾಡಿ ಅಂದ್ರೆ ಎರಡು ಸಾಲು ಬರ್ತದೆ, ಮಾತಾಡಿ ಅಂದ್ರೆ ಐದು ನಿಮಿಷ ಬರ್ತದೆ. ನಂತರ ಜಿಬೋರ್ಡ್‌ನಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಆನ್ ಮಾಡಿ ನೀವೇ ಅದನ್ನು ಕೇಳ್ತಾ ಕೇಳ್ತಾ ಬಾಯಲ್ಲಿ ಹೇಳಿದ್ರೆ ಟೈಪ್ ಆಗ್ತದೆ, ತಪ್ಪು ತಿದ್ದಿದ್ರೆ ಆಯ್ತು.

ಬರೆಯುದು

ಅವರ ಮಾತು ಅವರ ಮಾತಾಗಿಯೇ ಇರ್ಬೇಕು. ಬರೀಲಿಕ್ಕೆ ಕೂತ ಕೂಡಲೇ ನಮಗೆ ಸನ್ಮಾನಪತ್ರದ ಭಾಷೆ ಬಂದುಬಿಡ್ತದೆ. "ಇವರು ಪ್ರತಿಷ್ಠಿತ ಕಂಪೆನಿಯಲ್ಲಿ ಉನ್ನತ ಹುದ್ದೆಯಲ್ಲಿದ್ದು ಪತ್ನಿ ಹಾಗೂ ಇಬ್ಬರು ಮಕ್ಕಳೊಂದಿಗೆ ಸುಖೀ ಜೀವನ ನಡೆಸುತ್ತಿದ್ದಾರೆ" ಅಂತ ಬರೆದ್ರೆ ಯಾರ ಹೆಸರು ಹಾಕಿದ್ರೂ ಆಗ್ತದೆ. ಅದರ ಬದಲು ಹೀಗೆ ಬರೀಬಹುದು ನೋಡಿ: "ಕುವೈತ್ ಬಿಟ್ಟು ಬಂದು ಎರಡು ವರ್ಷ ಆಯ್ತು. ಈಗ ಕಾರ್ಕಳದ ಹತ್ತಿರ ಅಪ್ಪನ ಅಡಿಕೆ ತೋಟ ನೋಡ್ಕೊಳ್ಳುದು. ಮೊದಲ ಮಳೆಗಾಲದಲ್ಲಿ ಕೊಳೆರೋಗಕ್ಕೆ ಅರ್ಧ ಫಸಲು ಹೋಯ್ತು, ಈಗ ಮದ್ದು ಬಿಡುದು ಯಾವಾಗ ಅಂತ ಗೊತ್ತಾಗಿದೆ. ಹೆಂಡತಿ ಅಲ್ಲೇ ಶಾಲೆಯಲ್ಲಿ ಟೀಚರ್. ಮೊಣಕಾಲು ನೋವು ಉಂಟು, ಕ್ರಿಕೆಟ್ ಇನ್ನು ಅಂಪಾಯರ್ ಆಗಿ ಮಾತ್ರ. ತೆಂಗಿನಕಾಯಿ ತೆಗೆಯುವವರು ಯಾರಾದ್ರೂ ಗೊತ್ತಿದ್ರೆ ಹೇಳಿ ಅಂತಾನೆ." ಇದನ್ನು ಓದಿದ್ರೆ ಹೆಸರು ನೋಡದೆಯೇ ಯಾರು ಅಂತ ಕ್ಲಾಸಿನವರಿಗೆ ಗೊತ್ತಾಗ್ಬೇಕು.

ಕೊನೆಗೆ ಒಂದು ಸಾಲು, ಎಂತ ಬೇಕು ಅಥವಾ ಎಂತ ಕೊಡಬಹುದು ಅಂತ, ಎಲ್ಲರದ್ದರಲ್ಲೂ ಹಾಕಿಸಿ. ಮಗನಿಗೆ ಸಿಎ ಆಫೀಸಲ್ಲಿ ಆರ್ಟಿಕಲ್‌ಶಿಪ್ (ತರಬೇತಿ) ಬೇಕು, ಪುಣೆಯಲ್ಲಿ ಎರಡು ದಿನ ಉಳಿಯುದಾದ್ರೆ ನಮ್ಮ ಮನೆ ಉಂಟು, ಮಂಗಳೂರಿನ ಆಸ್ಪತ್ರೆಗೆ ಯಾರನ್ನಾದ್ರೂ ಕರ್ಕೊಂಡು ಬಂದ್ರೆ ಹೇಳಿ ನಾನು ಜೊತೆಗೆ ಬರ್ತೇನೆ. ಇಂಥ ಸಾಲಿನಿಂದ ಆಗುವ ಉಪಕಾರ ಇನ್ನೆಲ್ಲಿಂದಲೂ ಆಗುದಿಲ್ಲ ಅಂತ ನನಗೆ ಖಾತ್ರಿ ಉಂಟು. ದುಡ್ಡಿನ ಸಹಾಯ ಮಾತ್ರ ಪತ್ರದಲ್ಲಿ ಬೇಡ, ಅದು ಬೇರೆಯೇ ಆಗ್ಲಿ, ಇಬ್ಬರು ಸೇರಿ ಲೆಕ್ಕ ಇಟ್ಟು, ಕೊಟ್ಟವರಿಗೆಲ್ಲ ಲೆಕ್ಕ ತೋರಿಸಿ.

ಆರ್ಡರ್ ಅಕ್ಷರದ ಪ್ರಕಾರವೋ ಹಾಜರಿ ಪ್ರಕಾರವೋ ಇರ್ಲಿ, ಹುದ್ದೆ ಪ್ರಕಾರ ಖಂಡಿತ ಬೇಡ.

ಬರೆದ ಮೇಲೆ ಆಯಾ ಜನಕ್ಕೆ ಅವರದ್ದನ್ನು ವಾಪಸ್ ಕಳಿಸಿ. "ಇದು ಹೀಗೆ ಹಾಕ್ಬಹುದಾ? ಯಾವುದಾದ್ರೂ ತೆಗೀಬೇಕಾ?" ಅಂತ ಕೇಳಿ, ಅವರು ಓಕೆ ಅಂದದ್ದು ಮಾತ್ರ ಹಾಕುದು. ಉತ್ತರ ಬರದೇ ಇದ್ರೆ ಊರು ಮಾತ್ರ ಹಾಕಿ ಬಿಡಿ. ಆಪರೇಷನ್, ಡೈವೋರ್ಸ್, ಸಾಲ, ಮಕ್ಕಳ ತೊಂದರೆ ಇವು ಫೋನಲ್ಲಿ ಬಾಯ್ತಪ್ಪಿ ಬಂದಿರ್ತವೆ, ಅದು ನಿಮಗೆ ಹೇಳಿದ್ದು, ಬ್ಯಾಚಿಗೆ ಅಲ್ಲ. ಆದ್ರೆ ಒಬ್ಬಳು ತಾನೇ "ನನ್ನ ಕಿಮೋ ಮುಗೀತು ಅಂತ ಹಾಕು, ಎಲ್ಲರಿಗೂ ಬೇರೆ ಬೇರೆ ಹೇಳಿ ಸಾಕಾಗಿದೆ" ಅಂದ್ರೆ ಅವಳು ಹೇಳಿದಷ್ಟನ್ನೇ, ಅವಳು ಹೇಳಿದ ಹಾಗೇ ಹಾಕಿ, ಹೋರಾಟಗಾರ್ತಿ ಗೀರಾಟಗಾರ್ತಿ ಅಂತ ಸೇರಿಸ್ಲಿಕ್ಕೆ ಹೋಗ್ಬೇಡಿ.

ತೀರಿಹೋದವರು

ನಮ್ಮ ಪ್ರಾಯದಲ್ಲಿ ಪ್ರತಿ ವರ್ಷ ಈ ಪುಟ ಇರ್ತದೆ. ಕ್ಲಾಸ್‌ಮೇಟ್ ಹೋದ್ರೆ ಮೊದಲ ಪುಟ, ಕಾಲೇಜಿನ ಫೋಟೋ ಹಾಕಿ, ಈಗಿನದ್ದು ಮನೆಯವರು ಕೊಟ್ರೆ ಮಾತ್ರ. ಹೇಗೆ ಹೋದದ್ದು ಅಂತ ವಿವರ ಬೇಡ. ಅವನ ಜೊತೆ ಬಸ್ಸಲ್ಲಿ ಬರ್ತಿದ್ದವರು, ಒಂದೇ ಬೆಂಚಲ್ಲಿ ಕೂತವರು ಎರಡೆರಡು ಸಾಲು ಬರೀಲಿ, ಅದನ್ನು ಪ್ರಿಂಟ್ ತೆಗೆದು ಮನೆಗೆ ಹೋಗಿ ಕೊಡಿ. ಮಕ್ಕಳಿಗೆ ಅಪ್ಪ ಕಾಲೇಜಲ್ಲಿ ಹೇಗಿದ್ದ ಅಂತ ಹೇಳುವವರು ನಾವೇ ಅಲ್ವಾ. ಅಪ್ಪ ಅಮ್ಮ ಹೋದವರದ್ದು ಅವರವರ ಸುದ್ದಿಯ ಒಳಗೇ ಬರ್ಲಿ. ಆ ಅಮ್ಮನ ಕೈಯ ನೀರ್‌ದೋಸೆ ನಾವೆಲ್ಲ ತಿಂದದ್ದು ಹೌದಾದ್ರೆ ಅದನ್ನೂ ಬರೀರಿ. ಲೆಕ್ಚರರ್‌ಗಳು ತೀರಿಹೋದದ್ದು ಕೂಡ ಹಾಕ್ಬೇಕು, ಇರುವವರಿಗೆ ಒಂದು ಕಾಪಿ ಕಳಿಸ್ಬೇಕು, ರಿಟೈರ್ ಆದ ಮೇಷ್ಟ್ರುಗಳು ಮೊದಲ ಪುಟದಿಂದ ಕೊನೆವರೆಗೆ ಓದ್ತಾರೆ, ಕಾಗುಣಿತ ತಪ್ಪಿದ್ರೆ ಫೋನ್ ಮಾಡಿ ಹೇಳ್ತಾರೆ.

ಪುಟ, ಫೋಟೋ, ಕಳಿಸುದು

ಗೂಗಲ್ ಡಾಕ್ಸ್ ಸಾಕು. ಪೇಜ್ ಸೈಜ್ ಎ4 ಬೇಡ, ಎ5 ಇಡಿ, ಮೊಬೈಲಲ್ಲಿ ದೊಡ್ಡದು ಮಾಡದೆ ಓದ್ಲಿಕ್ಕೆ ಆಗ್ತದೆ. ಅಕ್ಷರ 14 ಸೈಜ್, ನಮಗೆಲ್ಲ ಚಾಳೀಸು ಬಂದಿದೆ. ಹಳೇ ನುಡಿ, ಬರಹದ ಯುನಿಕೋಡ್ ಅಲ್ಲದ ಫಾಂಟಲ್ಲಿ ಟೈಪ್ ಮಾಡಿದ್ದು ಕಾಪಿ ಪೇಸ್ಟ್ ಮಾಡಿದ್ರೆ ಎಂತೆಂತದೋ ಚಿಹ್ನೆ ಬರ್ತದೆ, ಅದನ್ನು ಯುನಿಕೋಡಿಗೆ ಬದಲಿಸಿಯೇ ಹಾಕ್ಬೇಕು. ಕೆಲವರು ಇಂಗ್ಲಿಷಲ್ಲೇ ಬರೆದು ಕಳಿಸ್ತಾರೆ, ಕೆಲವರು ಕನ್ನಡ ಲಿಪಿಯಲ್ಲಿ ತುಳು, ಹಾಗೇ ಹಾಕಿ, ಎಲ್ಲ ಒಂದೇ ಭಾಷೆ ಮಾಡ್ಲಿಕ್ಕೆ ಹೋಗಬೇಡಿ.

ಫೋಟೋ ವಾಟ್ಸಾಪಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸ್ಲಿಕ್ಕೆ ಹೇಳಿ, ಇಲ್ಲದಿದ್ರೆ ಕ್ವಾಲಿಟಿ ಹೋಗ್ತದೆ. ಹಳೇ ಫೋಟೋವನ್ನು ಆಲ್ಬಮ್‌ನ ಪ್ಲಾಸ್ಟಿಕ್‌ನಿಂದ ಹೊರಗೆ ತೆಗೆದು, ಚಾವಡಿಯಲ್ಲೋ ಕಿಟಕಿ ಹತ್ತಿರವೋ ಹಗಲು ಬೆಳಕಲ್ಲಿ ಇಟ್ಟು, ಫ್ಲ್ಯಾಶ್ ಇಲ್ಲದೆ ಮೇಲಿಂದ ತೆಗೀರಿ. ಪ್ಲಾಸ್ಟಿಕ್‌ಗೆ ಅಂಟಿ ಹೋಗಿದ್ರೆ ಎಳೀಬೇಡಿ, ನಮ್ಮ ಕಡಲ ಬದಿಯ ತೇವಕ್ಕೆ ತುಂಬಾ ಫೋಟೋ ಹಾಗಾಗಿರ್ತವೆ, ಹಾಗೇ ಓರೆ ಹಿಡಿದು ತೆಗೆದ್ರೆ ಹೊಳಪು ಕಮ್ಮಿ ಆಗ್ತದೆ.

ನವರಾತ್ರಿಗೆ ಡ್ರಾಫ್ಟ್ ಮುಗಿಸಿ, ದೀಪಾವಳಿಯೊಳಗೆ ಕಳಿಸಿ, ಡಿಸೆಂಬರಲ್ಲಿ ಕ್ರಿಸ್ಮಸ್‌ಗೆ ಊರಿಗೆ ಬರುವವರು ಅದನ್ನು ಓದಿಕೊಂಡೇ ಬರ್ತಾರೆ. ಡಿಸೆಂಬರ್ ಕೊನೆ ವಾರ ಸೇರುದಾದ್ರೆ ಅದಕ್ಕಿಂತ ಒಳ್ಳೆ ಟೈಮಿಲ್ಲ, ಮಲ್ಪೆಯಿಂದ ಸೈಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಇರ್ತದೆ, ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಬೆಂಗಳೂರಿನವರು ದಾರಿಯಲ್ಲಿ ಬಾಕಿ ಆಗುವ ಹೆದರಿಕೆ ಇಲ್ಲ, ಕೊಂಕಣ ರೈಲ್ವೆಯ ಮಳೆಗಾಲದ ಟೈಂಟೇಬಲ್ ಕೂಡ ಮುಗಿದಿರ್ತದೆ. ಬರ್ಲಿಕ್ಕೆ ಆಗದವರಿಗೆ ಗೂಗಲ್ ಮೀಟ್, ಫ್ರೀ ಅಕೌಂಟಲ್ಲಿ 60 ನಿಮಿಷ ಸಿಗ್ತದೆ, ಸಾಕು.

ಪತ್ರವನ್ನು ಗ್ರೂಪಿಗೆ ಹಾಕುದಕ್ಕೆ ಮೊದಲು ಒಬ್ಬೊಬ್ಬರಿಗೆ ಬೇರೆ ಬೇರೆ ಕಳಿಸಿ, ಅವರ ಹೆಸರು ಹಾಕಿ ಒಂದು ಸಾಲು ಬರೆದು. ಗ್ರೂಪಲ್ಲಿ ಬಿದ್ರೆ ಇನ್ನೂರು ಮೆಸೇಜ್ ಕೆಳಗೆ ಹೋಗ್ತದೆ. ಪತ್ರದಲ್ಲಿ ಫೋನ್ ನಂಬರ್, ಮನೆ ಅಡ್ರೆಸ್ ಹಾಕ್ಬೇಡಿ, ಪಿಡಿಎಫ್ ಎಲ್ಲೆಲ್ಲಿಗೆ ಹೋಗ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ, ನಂಬರ್ ಬೇಕಾದವರು ಎಡಿಟರ್ ಹತ್ರ ಕೇಳ್ಲಿ, ಎಡಿಟರ್ ಆ ಜನರ ಹತ್ರ ಕೇಳಿ ಕೊಡ್ಲಿ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಪ್ರಿಂಟ್ ತೆಗೆದು ಪೋಸ್ಟ್ ಮಾಡಿ, ಹತ್ತಿರ ಇದ್ರೆ ಕೊಟ್ಟು ಬನ್ನಿ.

ಕಳಿಸಿದ ವಾರ ಫೋನ್ ಹತ್ತಿರ ಇಟ್ಟುಕೊಳ್ಳಿ. "ನನ್ನ ವಿಷಯದಲ್ಲಿ ಒಂದು ಬಿಟ್ಟುಹೋಗಿದೆ" ಅಂತ ಬರುವ ಕಾಲ್‌ನಲ್ಲಿ ಮುಂದಿನ ವರ್ಷದ ಅರ್ಧ ಸುದ್ದಿ ಸಿಗ್ತದೆ, ಆಗಲೇ ಶೀಟ್‌ನಲ್ಲಿ ಬರೆದಿಡಿ. ಎರಡು ವರ್ಷಕ್ಕಿಂತ ಹೆಚ್ಚು ಒಬ್ಬರೇ ಎಡಿಟರ್ ಆಗುದು ಬೇಡ, ಒಬ್ಬ ಮಂಗಳೂರಿನವ ಒಬ್ಬಳು ಹೊರಗಿನವಳು ಹೀಗೆ ಜೋಡಿ ಇರ್ಲಿ, ಬಿಡುವಾಗ ಶೀಟ್, ಫೋಟೋ ಫೋಲ್ಡರ್, ಇನ್ನೂ ಸಿಗದವರ ಹೆಸರು ಮೂರನ್ನೂ ಮುಂದಿನವರಿಗೆ ಕೊಡ್ಬೇಕು. ಸಿಗದವರ ಲಿಸ್ಟನ್ನು ಪ್ರತಿ ಸಲ ಪತ್ರದ ಕೊನೇ ಪುಟದಲ್ಲಿ ಆಗಿನ ಊರಿನ ಜೊತೆ ಹಾಕಿ, ಯಾರಿಗಾದ್ರೂ ಗೊತ್ತಿದ್ರೆ ತಿಳಿಸಿ ಅಂತ.